ಹೊರಕ್ಕೆ ಮುಖ ಮಾಡಿದ ಚಪ್ಪಲಿ

ಲ್ಯಾಪ್‌ಟಾಪಿನ ಪರದೆಯ ಮೇಲೆ ಗದಿಗೆಪ್ಪ ಮತ್ತೊಮ್ಮೆ ಸತ್ತರು.

ಎದೆಗೆ ಕೈ ಒತ್ತಿಕೊಂಡು ಸ್ಟೂಲಿನಿಂದ ಎದ್ದರು. ಅರ್ಧ ಸುತ್ತು ತಿರುಗಿ, ಮುಖ ಮಾತ್ರ ನೋಡುವವರ ಕಡೆಗೇ ಇರುವಂತೆ ನೆಲಕ್ಕೆ ಒರಗಿದರು. ಬರಿಗಾಲುಗಳೆರಡೂ ಕ್ಯಾಮೆರಾದ ಕಡೆಗೆ ಚಾಚಿಕೊಂಡವು. ಯಾರೋ ಚಪ್ಪಾಳೆ ತಟ್ಟಿದರು.

ಬಾಗಿಲಲ್ಲಿ ಪಿಸ್ತೂಲು ಹಿಡಿದು ನಿಂತಿದ್ದವಳು ಅಕೆಲ್ಲೋ. ಈಗ ವಸಂತಲಕ್ಷ್ಮಿಯವರ ಅಡುಗೆಮನೆಯ ಮೇಜಿನ ಮುಂದೆ ಕುಳಿತು ತನ್ನನ್ನೇ ನೋಡುತ್ತಿದ್ದವಳೂ ಅವಳೇ.

ನಾರ್ತ್ ಕ್ರೀಕ್‌ನ ಪೊಲೀಸ್ ತರಬೇತಿ ಕಂಪನಿಯೊಂದರ ಗೋದಾಮಿನಲ್ಲಿ ಕಟ್ಟಿದ ಸುಳ್ಳು ಹಳ್ಳಿಯಲ್ಲಿ, ಬಣ್ಣದ ಗುಂಡು ಹಾರಬೇಕಾದ ಕಡೆ ನಿಜವಾದ ಗುಂಡು ಹಾರಿ ಗದಿಗೆಪ್ಪ ಸತ್ತು ಒಂದು ವಾರವಾಗಿತ್ತು.

"ಮೇಡಂ, ನಿಲ್ಲಿಸಿ," ಎಂದಳು ಅಕೆಲ್ಲೋ. ಅವಳ ಇಂಗ್ಲಿಷು ಮೆಲ್ಲಗೆ, ಒಂದೊಂದೇ ಮಾತನ್ನು ತೂಗಿ ಇಟ್ಟಂತೆ ಬರುತ್ತಿತ್ತು. "ನಾನು ಹೊಡೆಯಲಿಲ್ಲ ಎಂದು ನಿಮಗೆ ಹೇಳಿದ್ದೆ. ಇದನ್ನು ನೋಡಿ ನೋಡಿ ನನಗೇ ಅನುಮಾನ ಹುಟ್ಟಿದೆ. ಹೊಡೆದಿದ್ದೇನೇನೋ. ಹೊಡೆದು ಮರೆತಿದ್ದೇನೇನೋ."

ಅವಳು ಉಗಾಂಡಾದ ಪೊಲೀಸ್ ಸಾರ್ಜೆಂಟ್. ಭಯೋತ್ಪಾದಕರು ಅಡಗಿದ ಮನೆಯೊಳಗೆ ಹೇಗೆ ನುಗ್ಗಬೇಕು, ಅಲ್ಲಿರುವ ಅಮಾಯಕರನ್ನು ಹೇಗೆ ಉಳಿಸಬೇಕು ಎಂಬುದನ್ನು ಕಲಿಯಲು ಅವಳ ಇಲಾಖೆ ಅವಳನ್ನು ಇಷ್ಟು ದೂರ ಕಳಿಸಿತ್ತು. ಕಲಿಯಲು ಬಂದವಳು ಅಮಾಯಕನೊಬ್ಬನನ್ನು ಕೊಂದಳು ಎಂಬ ಮಾತು ಈಗ ಅವಳಿಗಿಂತ ಮೊದಲೇ ಊರು ಮುಟ್ಟಿತ್ತು. ಸಂಜೆಯ ವಿಮಾನಕ್ಕೆ ಅವಳು ಹೊರಡಬೇಕು. ಅವಳ ವೀಸಾಕ್ಕೆ ಕೊಟ್ಟಿದ್ದ ಪ್ರಾಯೋಜಕತ್ವವನ್ನು ಕಂಪನಿ ಹಿಂದಕ್ಕೆ ಪಡೆದಿತ್ತು. ಇಲ್ಲಿನ ಪೊಲೀಸರು ವಿಡಿಯೋ ನೋಡಿ, ತಪ್ಪು ಪಿಸ್ತೂಲು ಎತ್ತಿಕೊಂಡದ್ದರಿಂದ ಆದ ಅಪಘಾತ ಎಂದು ಬರೆದುಕೊಂಡು ಸುಮ್ಮನಾಗಿದ್ದರು. ಊರಿನಲ್ಲಿ ಇಳಿದ ಕೂಡಲೇ ವಿಚಾರಣೆ.

"ಸಮವಸ್ತ್ರ ಬಿಚ್ಚಿಸುತ್ತಾರೆ," ಎಂದಳು. "ಜೈಲಿಗೂ ಹೋಗುತ್ತೇನೆ. ಅದು ಸರಿ, ಕೊಂದಿದ್ದರೆ ಹೋಗಬೇಕಾದ್ದೇ. ಕೊಂದಿದ್ದೇನೆಯೇ ಇಲ್ಲವೇ ಅನ್ನುವುದೊಂದನ್ನು ಹೇಳಿ ಕಳಿಸಿ."

ವಸಂತಲಕ್ಷ್ಮಿಯವರು ಲ್ಯಾಪ್‌ಟಾಪ್ ಮುಚ್ಚಲಿಲ್ಲ. ವಿದ್ಯಾರ್ಥಿನಿಯಾಗಿ ಪರದೇಶದ ಈ ಊರಿಗೆ ಬಂದು, ವಿಮಾನದ ಭಾಗಗಳು ಏಕೆ ಮುರಿದವೆಂದು ಹುಡುಕುವ ಇಂಜಿನಿಯರಾಗಿ ತಲೆ ನರೆಸಿಕೊಂಡವರು ಅವರು. ನಿವೃತ್ತಿಯಾದ ಮೇಲೆ ಲೈಸೆನ್ಸು ತೆಗೆದುಕೊಂಡು ಪತ್ತೇದಾರಿಕೆಗೆ ಇಳಿದಿದ್ದರು. ಮುರಿದ ಬೋಲ್ಟು ಸುಳ್ಳು ಹೇಳುವುದಿಲ್ಲ ಎಂಬ ಧೈರ್ಯ ಆಗ ಇತ್ತು. ಮನುಷ್ಯರ ವಿಷಯದಲ್ಲಿ ಅಷ್ಟು ಧೈರ್ಯ ಇರಲಿಲ್ಲ.

"ಆ ದಿನ ಏನಾಯಿತು, ಇನ್ನೊಮ್ಮೆ ಹೇಳು. ವಿಡಿಯೋ ಮರೆತುಬಿಡು."

"ಅರೆಗತ್ತಲಿತ್ತು. ಸ್ಪೀಕರುಗಳಲ್ಲಿ ಗುಂಡಿನ ಸದ್ದು, ಮಗುವಿನ ಅಳು. ನಮ್ಮನ್ನು ಗಾಬರಿ ಮಾಡಲು ಯಾವಾಗಲೂ ಹಾಕುತ್ತಾರೆ. ನಾನು ಬಾಗಿಲು ಒದ್ದೆ. ಅಜ್ಜ ಕುಳಿತಿದ್ದರು, ಕೈ ಖಾಲಿ. ಅದಕ್ಕೆ ಮೊದಲ ವಾರ ಅದೇ ಕೋಣೆಯಲ್ಲಿ ಗಾಬರಿಯಾಗಿ ಅವರಿಗೆ ಬಣ್ಣದ ಗುಂಡು ಹೊಡೆದುಬಿಟ್ಟಿದ್ದೆ. ನಮ್ಮ ತರಬೇತುದಾರ ಬ್ರೆನನ್ ಎಲ್ಲರೆದುರು ಬಯ್ದಿದ್ದ. ಈ ಸಲ ಹೊಡೆಯಲಿಲ್ಲ. ಪಿಸ್ತೂಲು ಇಳಿಸಿದೆ. ಅಜ್ಜ ನಕ್ಕರು. ನಿಮ್ಮ ಭಾಷೆಯಲ್ಲಿ ಏನೋ ಅನ್ನುತ್ತಾ ಎದ್ದು ನನ್ನ ಕಡೆಗೆ ಬಂದರು. ಬಂದವರು ಬಿದ್ದರು."

"ಎಲ್ಲರೂ ಚಪ್ಪಾಳೆ ತಟ್ಟಿದರು?"

"ಅವರು ಅಷ್ಟು ಚೆನ್ನಾಗಿ ಸಾಯುತ್ತಿದ್ದರು, ಮೇಡಂ. ನಾನೂ ತಟ್ಟಿದೆ."

ಅಕೆಲ್ಲೋ ತನ್ನ ಅಂಗೈಗಳನ್ನು ನೋಡಿಕೊಂಡಳು.

ಗದಿಗೆಪ್ಪ ರಾಣೆಬೆನ್ನೂರಿನವರು. ಹರೆಯವನ್ನೆಲ್ಲ ನಾಟಕ ಕಂಪನಿಯಲ್ಲಿ ಕಳೆದವರು. ಮಗಳು ಮಧುರಾ ಆ ತರಬೇತಿ ಕಂಪನಿಯ ಆಫೀಸಿನಲ್ಲಿ ಇದ್ದಳು, ಅಳಿಯ ಜಯಂತ್ ಅಲ್ಲೇ ಕ್ಯಾಮೆರಾ, ಕಂಪ್ಯೂಟರು ನೋಡಿಕೊಳ್ಳುತ್ತಿದ್ದ. ಸುಳ್ಳು ಹಳ್ಳಿಯಲ್ಲಿ ಹಳ್ಳಿಗರ ಪಾತ್ರ ಮಾಡುವವರು ಬೇಕೆಂದಾಗ ಮುದುಕರು ಕುಣಿದುಕೊಂಡು ಹೋಗಿದ್ದರು. ನಿಂತೇ ಸಾಯುವುದು ಅವರ ರೂಢಿ. ಕುಳಿತು ಸತ್ತರೆ ಹಿಂದಿನ ಸಾಲಿನವರಿಗೆ ಕಾಣುವುದಿಲ್ಲವಂತೆ.

"ಅವರಿಗೆ ಯಾರಾದರೂ ವೈರಿಗಳು?"

"ಬ್ರೆನನ್ ಮಾತ್ರ ಸಿಡುಕುತ್ತಿದ್ದ. ಆ ಸುಳ್ಳು ಮನೆಯ ಬಾಗಿಲಲ್ಲೂ ಅವರು ಚಪ್ಪಲಿ ಬಿಟ್ಟೇ ಒಳಗೆ ಹೋಗುತ್ತಿದ್ದರು. ನುಗ್ಗುವಾಗ ನಾವು ಎಡವುತ್ತಿದ್ದೆವು. 'ಇದು ಮನೆಯಲ್ಲ, ಪ್ಲೈವುಡ್' ಎಂದು ಅವನು ಕೂಗಿದರೆ, 'ಪಾತ್ರಕ್ಕೆ ಇದೇ ಮನೆ' ಅನ್ನುತ್ತಿದ್ದರು."

"ನಿನಗೆ ಯಾರಾದರೂ?"

"ಒಂದು ವಿಷಯ ಇದೆ. ಕತ್ತಲಲ್ಲಿ ನೋಡುವ ಕನ್ನಡಕಗಳನ್ನು ಈ ಕಂಪನಿ ಹೋದ ವರ್ಷ ನಮ್ಮ ತಂಡಕ್ಕೆ ಕಳಿಸಿದ್ದೇವೆ ಅನ್ನುತ್ತದೆ. ನಮಗೆ ಬಂದ ಪೆಟ್ಟಿಗೆಗಳಲ್ಲಿ ಇದ್ದದ್ದು ಹಳೆಯ ಟಾರ್ಚುಗಳು. ಅವುಗಳನ್ನೇ ನಂಬಿ ಗಡಿಯ ಕಾಡಿಗೆ ಹೋದ ನನ್ನ ಜೊತೆಯವರು ವಾಪಸು ಬರಲಿಲ್ಲ. ಕ್ಲಾಸಿನಲ್ಲಿ ಕೇಳಿದೆ. ಯಾರೂ ಉತ್ತರಿಸಲಿಲ್ಲ. ಕೊನೆಯ ದಿನ ದೊಡ್ಡ ಅಧಿಕಾರಿಗಳು ಬಂದಾಗ ಎದ್ದು ನಿಂತು ಕೇಳುತ್ತೇನೆ ಎಂದೆ. ಅಷ್ಟರಲ್ಲಿ ಹೀಗಾಯಿತು."

ಬಾಗಿಲ ಗಂಟೆ ಸದ್ದಾಯಿತು. ಮಧುರಾ ಬಂದಿದ್ದಳು. ಅಕೆಲ್ಲೋಳನ್ನು ವಿಮಾನ ಹತ್ತಿಸುವ ಕೆಲಸ ಕಂಪನಿ ಅವಳಿಗೇ ಕೊಟ್ಟಿತ್ತು. ತಂದೆ ಸತ್ತ ದುಃಖ ಮುಖದ ಮೇಲೆ ಹಾಗೇ ಇತ್ತು. ತಲೆ ಬಾಚಿರಲಿಲ್ಲ.

ಹೊಸಿಲ ಬಳಿ ಶೂ ಬಿಚ್ಚಿ, ಬಗ್ಗಿ, ಎರಡನ್ನೂ ಜೋಡಿಸಿ ಮುಖ ಬೀದಿಯ ಕಡೆ ತಿರುಗಿಸಿಟ್ಟಳು. ವಸಂತಲಕ್ಷ್ಮಿಯವರು ನೋಡುತ್ತಿರುವುದನ್ನು ಕಂಡು ಸಣ್ಣಗೆ ನಕ್ಕಳು.

"ಅಪ್ಪ ಕಲಿಸಿದ್ದು ಆಂಟಿ. ರಂಗದ ಮೇಲೆ ಲೈಟ್ ಆರಿದ್ರೂ ಕಾಲು ಹಾಕಿದ ಕೂಡಲೇ ಓಡ್ಬೇಕು, ಹಾಗೆ ಇಡು ಅಂತಿದ್ರು. ನಮ್ಮನೆಯವ್ರು ಮಾತ್ರ ಹೀಗಿಡೋದು. ಜಯಂತ್ ರೇಗಿಸ್ತಾನೆ, ಕಾರು ರಿವರ್ಸ್ ಪಾರ್ಕ್ ಮಾಡ್ದಂಗೆ ಅಂತ."

ಅವಳು ಅಕೆಲ್ಲೋಳ ಭುಜ ಸವರಿದಳು. ಅಪ್ಪನನ್ನು ಕೊಂದಳು ಎನಿಸಿಕೊಂಡವಳ ಭುಜ ಸವರುವ ಮಗಳು. ವಸಂತಲಕ್ಷ್ಮಿಯವರು ಲ್ಯಾಪ್‌ಟಾಪ್ ಮುಚ್ಚಿ ಎದ್ದರು.

"ಮಧುರಾ, ಈಗಲೇ ಏರ್‌ಪೋರ್ಟಿಗೆ ಹೋಗ್ಬೇಡ. ಎಲ್ಲಾದ್ರೂ ನಿಲ್ಸು, ಊಟ ಮಾಡ್ಸು. ನಾನು ಫೋನ್ ಮಾಡೋವರೆಗೂ ಇವಳ ಕೈ ಬಿಡ್ಬೇಡ. ನಿಮ್ಮಮ್ಮನ್ನ ಒಂದ್ಸಲ ನೋಡ್ಕೊಂಡು ಬರ್ತೀನಿ."

"ನಾನ್ ನೋಡ್ಕೋತೀನಿ ಆಂಟಿ. ನೀವ್ ಆರಾಮಾಗಿರಿ."

*

ಜಯಂತನ ಮನೆ ಎಜುಕೇಶನ್ ಹಿಲ್ ಏರಿದ ಮೇಲೆ ಎರಡನೆಯ ತಿರುವಿನಲ್ಲಿ. ಬಾಗಿಲು ತೆಗೆದವರು ಗದಿಗೆಪ್ಪನವರ ಹೆಂಡತಿ ಗೌರಾದೇವಿ. ಈ ಪತ್ತೆಯ ಕೆಲಸ ವಹಿಸಿದವರೂ ಅವರೇ. ಅಕೆಲ್ಲೋ ತಮ್ಮ ಕಾಲು ಹಿಡಿದು ಅತ್ತದ್ದನ್ನು ಕಂಡು, ಈ ಹುಡುಗಿಯ ಕೈಯಿಂದ ಆಗಿಲ್ಲ ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸಿದ್ದರು. ಮಗಳಿಗೆ ತಾಯಿಯ ಮಾತು ಮೀರಲು ಆಗಿರಲಿಲ್ಲ.

"ಬರ್ರಿ ಅಕ್ಕಾರ. ಆ ಕೂಸು ಹೋತೇನು?"

"ಇನ್ನೂ ಇಲ್ಲ. ಆಸ್ಪತ್ರೆಯಿಂದ ಬಂದ ಚೀಲ ಅಂದಿದ್ರಲ್ಲ, ಅದನ್ನ ನೋಡ್ಬೇಕು."

ಗೌರಾದೇವಿ ಪ್ಲಾಸ್ಟಿಕ್ ಚೀಲ ತಂದು ಮಡಿಲಲ್ಲಿಟ್ಟುಕೊಂಡು ಕುಳಿತರು. ಒಂದೊಂದೇ ಹೊರಗೆ ತೆಗೆದರು. ಕನ್ನಡಕ. ಹಲ್ಲಿನ ಸೆಟ್ಟು. ತುಂಡಾದ ಶಿವದಾರ, ಅದರಲ್ಲಿ ಲಿಂಗದ ಕರಡಿಗೆ. ಕೊನೆಯಲ್ಲಿ ಒಂದು ಜೊತೆ ಕಪ್ಪು ಶೂ.

ವಸಂತಲಕ್ಷ್ಮಿಯವರು ಶೂ ಕೈಗೆ ತೆಗೆದುಕೊಂಡರು. ದಾರಗಳನ್ನು ಕತ್ತರಿಯಿಂದ ಕತ್ತರಿಸಲಾಗಿತ್ತು. ಗಂಟು ಮಾತ್ರ ಹಾಗೇ ಬಿಗಿಯಾಗಿ ಕುಳಿತಿತ್ತು.

"ಇದನ್ನ ಯಾರು ಕಟ್ಟಿದ್ದು?"

"ನಾನs. ಕಾಲ ಬೆರಳಿಗೆ ಹುಣ್ಣಾಗಿತ್ತರೀ. ಸಕ್ಕರಿ ಬ್ಯಾನಿ. ಬರಿಗಾಲಾಗ ಒಂದು ಹೆಜ್ಜಿ ಇಟ್ರೂ ಕಾಲು ತಗೀಬೇಕಾಗ್ತದ ಅಂತ ಡಾಕ್ಟರು ಹೆದರ್ಸಿದ್ರು. ಈ ಮನಷ್ಯಾ ಕೇಳ್ತಾನೇನ್ರೀ, ಬಾಗಲಾ ಕಂಡ್ರ ಸಾಕು ಬಿಚ್ಚಾಂವ. ಅದಕ್ಕs ಅವತ್ತ ಮುಂಜಾನೆ ಪಟ್ಟಿ ಸುತ್ತಿ, ಸಾಕ್ಸ್ ಹಾಕಿ, ಗಂಟಿನ ಮ್ಯಾಲ ಗಂಟು ಹೊಡದೆ. ಬಗ್ಗಿ ಬಿಚ್ಚಾಕ ಹೊಟ್ಟಿ ಅಡ್ಡ ಬರ್ತಿತ್ತು ಅವರಿಗೆ."

"ಅವತ್ತೇನಾ? ಗುಂಡು ಬಿದ್ದ ದಿನವೇ?"

"ಅವತ್ತs. ಶೂ ಹಾಕಿದ್ದು ಅದs ಮೊದಲ ದಿನ. ಮಗಳೂ ಹೇಳಿದ್ಳು ಪಾಪ. 'ಅಪ್ಪಾ, ಇವತ್ತ ಏನರ ಆಗ್ಲಿ ಕುಂತಲ್ಲಿಂದ ಏಳಬ್ಯಾಡ, ನಾಟಕಾ ಮಾಡಬ್ಯಾಡ, ಸುಮ್ಮನ ಕುಂಡ್ರು' ಅಂತ ಗದ್ದಾ ಹಿಡದು ಹೇಳಿದ್ಳು. ಕಾಲಿಂದ ಅಷ್ಟು ಚಿಂತಿ ಆಕಿಗೆ."

ವಸಂತಲಕ್ಷ್ಮಿಯವರ ಕಿವಿಗೆ ಕೊನೆಯ ಮಾತು ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಅವರ ಮನಸ್ಸಿನ ತುಂಬ ವಿಡಿಯೋದಲ್ಲಿ ಕಂಡ ಆ ಎರಡು ಬರಿಗಾಲುಗಳೇ ಇದ್ದವು.

ಆಸ್ಪತ್ರೆಯವರು ಕತ್ತರಿಸಿ ತೆಗೆದ ಶೂ. ಅಂದರೆ ಸಾಯುವಾಗ ಗದಿಗೆಪ್ಪನವರ ಕಾಲಲ್ಲಿ ಶೂ ಇತ್ತು. ಎಲ್ಲರೂ ನೋಡಿದ್ದು, ಪೊಲೀಸರು ನಂಬಿದ್ದು, ಅಕೆಲ್ಲೋ ನೋಡಿ ನೋಡಿ ತನ್ನನ್ನೇ ಅನುಮಾನಿಸಿದ್ದು ಬೇರೆ ದಿನದ ವಿಡಿಯೋ. ಅವಳು ತಪ್ಪಾಗಿ ಬಣ್ಣದ ಗುಂಡು ಹೊಡೆದ ದಿನದ್ದು.

"ಜಯಂತ್ ಎಲ್ಲಿ?"

"ಗ್ಯಾರೇಜಿನಾಗ. ವಾರಾತು, ಅಲ್ಲೇ ಇರ್ತಾನ. ಉಣ್ಣಾಕೂ ಬರೂದಿಲ್ಲ."

*

ಗ್ಯಾರೇಜಿನಲ್ಲಿ ಹೀಟರ್ ಹಾಕಿರಲಿಲ್ಲ. ಜಯಂತ್ ಕೆಟ್ಟ ಪ್ರಿಂಟರೊಂದನ್ನು ಬಿಚ್ಚಿ ಹರವಿಕೊಂಡು ಕುಳಿತಿದ್ದ. ರಿಪೇರಿ ಮಾಡುತ್ತಿರಲಿಲ್ಲ.

"ಬನ್ನಿ ಆಂಟಿ. ಕಾಫಿ ಮಾಡಿಸ್ಲಾ?"

"ಕಾಫಿ ಬೇಡ. ನೀನು ಪೊಲೀಸರಿಗೆ ಕೊಟ್ಟ ವಿಡಿಯೋ ಯಾವತ್ತಿಂದು?"

"ಡೇಟ್ ಮೂಲೇಲೇ ಇದ್ಯಲ್ಲ."

"ಡೇಟ್ ಹಾಕೋನು ನೀನೇ ಅಲ್ವಾ."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ವಸಂತಲಕ್ಷ್ಮಿಯವರು ಶೂ ಎತ್ತಿ ಅವನ ಮುಂದೆ ಇಟ್ಟರು.

"ಈ ಗಂಟು ಬಿಚ್ಚು ನೋಡೋಣ."

ಅವನು ಉಗುರು ಹಾಕಿ ಎಳೆದ. ಬಿಚ್ಚಲಿಲ್ಲ. ಏಕೆ ಬಿಚ್ಚಬೇಕೆಂದು ಕೇಳಲೂ ಇಲ್ಲ.

"ನಿಮ್ಮತ್ತೆ ಅವತ್ತು ಕಟ್ಟಿದ್ದು. ನಿಮ್ಮಾವ ಬಿಚ್ಚೋಕಾಗಿಲ್ಲ, ಡಾಕ್ಟರೂ ಬಿಚ್ಚೋಕಾಗ್ದೆ ಕತ್ತರಿಸಿದಾರೆ. ವಿಡಿಯೋದಲ್ಲಿ ಅವರ ಕಾಲು ನೋಡಿದ್ಯಾ?"

ಜಯಂತನ ತುಟಿ ಅಲ್ಲಾಡಿತು. "ಕಾಲು," ಎಂದ. "ಎಲ್ಲಾ ಮ್ಯಾಚ್ ಮಾಡ್ದೆ ಆಂಟಿ. ಅಂಗಿ, ಶಾಲು, ಲೈಟು. ಕಾಲು ನೋಡ್ಲೇ ಇಲ್ಲ."

"ಬ್ರೆನನ್ ಹೆದರ್ಸಿದ್ನಾ?"

ಅವನು ನಕ್ಕ. ಆ ನಗು ಕೇಳಲು ಹಿತವಾಗಿರಲಿಲ್ಲ. "ಬ್ರೆನನ್‌ಗೆ ಏನೂ ಗೊತ್ತಿಲ್ಲ. ಪೊಲೀಸರಿಗೆ ಕೊಡೋಕ್ ಮುಂಚೆ ನಾನೇ ಮೊದ್ಲು ನೋಡ್ದೆ. ನಾನೇ ಬದಲಾಯಿಸ್ದೆ. ಯಾರೂ ಹೇಳ್ಲಿಲ್ಲ."

"ಒಂದು ಹೆಣ್ಣುಮಗಳು ಸಂಜೆ ಜೈಲಿಗೆ ಹೊರಟಿದಾಳೆ ಕಣೋ. ತಾನೇ ಕೊಂದೆ ಅಂತ ನಂಬ್ಕೊಂಡು ಹೋಗ್ತಿದಾಳೆ. ಯಾರನ್ನ ಉಳಿಸೋಕೆ ಮಾಡ್ದೆ?"

ಅವನು ಶೂವಿನ ಗಂಟನ್ನು ಮತ್ತೆ ಉಗುರಿನಿಂದ ಕೆದಕಿದ.

"ನಿಜವಾದ್ದು ಅಳಿಸ್ಬಿಟ್ಯಾ?"

ತಲೆ ಅಲ್ಲಾಡಿಸಿದ. ಇಲ್ಲ.

"ಅಳಿಸೋಕಾಗ್ಲಿಲ್ಲ. ಮಾವ ಕೊನೇ ಸಲ ಓಡಾಡೋದು ಅದರಲ್ಲೇ ಇರೋದು."

ಅವನು ಫೋನ್ ತೆಗೆದು ಅವರ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ನಿಂತ.

ಅದೇ ಕೋಣೆ. ಅದೇ ಮಗುವಿನ ಅಳು, ಗುಂಡಿನ ಸದ್ದು. ಗದಿಗೆಪ್ಪ ಸ್ಟೂಲಿನ ಮೇಲೆ, ಕಾಲಲ್ಲಿ ಕಪ್ಪು ಶೂ. ಬಾಗಿಲು ಹಾರಿತು. ಅಕೆಲ್ಲೋ ಬಂದಳು. ಪಿಸ್ತೂಲಿನ ಹಿಡಿಯ ಮೇಲೆ ತರಬೇತಿಯ ನೀಲಿ ಟೇಪು ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಒಂದು ಗಳಿಗೆ ನೋಡಿ ಕೈ ಇಳಿಸಿದಳು.

ಗದಿಗೆಪ್ಪನವರ ಮುಖ ಅರಳಿತು. ಕುಳಿತೇ ಇರಲು ಒಮ್ಮೆ ಪ್ರಯತ್ನಿಸಿದರು, ತೊಡೆಯ ಮೇಲೆ ಕೈಯೂರಿದ್ದು ಕಾಣುತ್ತಿತ್ತು. ಆಗಲಿಲ್ಲ. ಎದ್ದರು. ಎರಡೂ ಕೈ ಚಾಚಿದರು.

"ಶಾಬಾಸ್ ಮಗಳs, ಗೆದ್ದಿ," ಎನ್ನುತ್ತಾ ಅವಳ ಮುಂದಕ್ಕೆ ಬಂದರು.

ಆಗ ಬಿದ್ದರು.

ಅಕೆಲ್ಲೋ ಚಪ್ಪಾಳೆ ತಟ್ಟಿದಳು. ಆಮೇಲೆ ಅವಳ ಕೈ ನಿಂತಿತು. ಪಿಸ್ತೂಲು ಬಿಸಾಡಿ ಮುದುಕರ ಎದೆಯ ಮೇಲೆ ಅಂಗೈ ಒತ್ತಿದಳು. ಅಷ್ಟರಲ್ಲಿ ಕೋಣೆಯ ತುಂಬ ಜನ. ಆ ಗಲಿಬಿಲಿಯಲ್ಲಿ ಯಾರದೋ ಒಂದು ಕೈ ನೀಲಿ ಟೇಪಿನ ಪಿಸ್ತೂಲನ್ನು ಎತ್ತಿಕೊಂಡು ಟೇಪಿಲ್ಲದ ಇನ್ನೊಂದನ್ನು ಅಲ್ಲಿಟ್ಟಿತು. ಆ ಕೈ ಯಾರದೆಂದು ಕಾಣಲಿಲ್ಲ.

ವಸಂತಲಕ್ಷ್ಮಿಯವರು ಉಸಿರು ಬಿಟ್ಟರು. ಅವಳು ಕೊಂದಿಲ್ಲ. ಈ ಒಂದು ಮಾತು ಅವಳಿಗೆ ಹೇಳಬೇಕು, ಈಗಲೇ. ಆದರೆ ಕಣ್ಣು ಪರದೆ ಬಿಡಲಿಲ್ಲ. ಹಿಂದಕ್ಕೆ ಎಳೆದು ಮತ್ತೆ ನೋಡಿದರು.

ಆ ಸುಳ್ಳು ಮನೆಗೆ ಸೂರಿಲ್ಲ. ಮೇಲೆ ಕಬ್ಬಿಣದ ಅಟ್ಟಣಿಗೆ. ತರಬೇತಿ ಕೊಡುವವರು ಅಲ್ಲಿ ನಿಂತು ಕೆಳಗಿನ ಕೋಣೆಗಳನ್ನು ನೋಡುತ್ತಾರೆ. ಕೋಣೆಯಲ್ಲಿ ಇನ್ನಾರೂ ಇರಲಿಲ್ಲ; ಗುಂಡು ಬಂದದ್ದು ಅಲ್ಲಿಂದಲೇ. ಗದಿಗೆಪ್ಪ ಕುಳಿತೇ ಇದ್ದಿದ್ದರೆ ಅದು ಅವರ ತಲೆಯ ಮೇಲಿಂದ ಹಾದು ನೇರವಾಗಿ ಅಕೆಲ್ಲೋಳ ಎದೆಗೆ ಬೀಳುತ್ತಿತ್ತು.

"ಜಯಂತ್, ಗುಂಡು ನಿಮ್ಮಾವನಿಗೆ ಇಟ್ಟಿದ್ದಲ್ಲ. ಅವಳಿಗೆ."

"ಗೊತ್ತು."

"ಮೇಲೆ ಬ್ರೆನನ್ ಇದ್ನಾ?"

"ಅವನು ಅವತ್ತು ನನ್ ಪಕ್ಕದಲ್ಲೇ ಇದ್ದ. ಕಂಟ್ರೋಲ್ ರೂಮಲ್ಲಿ." ಅವನು ಇನ್ನೂ ಗೋಡೆಯನ್ನೇ ನೋಡುತ್ತಿದ್ದ. "ಮೂಲೆ ನೋಡಿ ಆಂಟಿ. ಎಡಗಡೆ. ಏಣಿ ಬುಡ."

ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದರು. ತೆರೆದ ಬಾಗಿಲಿನಾಚೆ ಅಟ್ಟಣಿಗೆಗೆ ಹತ್ತುವ ಕಬ್ಬಿಣದ ಏಣಿ. ಅದರ ಬುಡದಲ್ಲಿ ಒಂದು ಜೊತೆ ಚಪ್ಪಲಿ. ಆಫೀಸಿನೊಳಗೆ ಹೆಂಗಸರು ಹಾಕಿಕೊಂಡು ಓಡಾಡುವಂಥದ್ದು. ಸದ್ದಾಗಬಾರದೆಂದು ಯಾರೋ ಬಿಟ್ಟು ಹತ್ತಿದ್ದರು. ಅವಸರದಲ್ಲಿ ಬಿಟ್ಟವರು ಹೇಗೆಂದರೆ ಹಾಗೆ ಕೊಡವಿ ಹೋಗಬೇಕಿತ್ತು.

ಎರಡೂ ಒಂದಕ್ಕೊಂದು ಅಂಟಿಕೊಂಡಂತೆ ಜೋಡಿಯಾಗಿ ಕುಳಿತಿದ್ದವು. ಮುಖ ಹೊರಕ್ಕೆ.

ವಸಂತಲಕ್ಷ್ಮಿಯವರಿಗೆ ಬೆಳಗ್ಗೆ ತಮ್ಮ ಹೊಸಿಲಿನ ಬಳಿ ಬಗ್ಗಿದ ಬೆನ್ನು ನೆನಪಾಯಿತು. ಆಮೇಲೆ, ತಡವಾಗಿ, ಗೌರಾದೇವಿಯವರ ಮಾತು ಮನಸ್ಸಿಗೆ ಇಳಿಯಿತು. ಇವತ್ತ ಏನರ ಆಗ್ಲಿ ಕುಂತಲ್ಲಿಂದ ಏಳಬ್ಯಾಡ.

"ಮಧುರಾ ಆಫೀಸಲ್ಲಿ ಏನು ನೋಡ್ಕೋತಾಳೆ?" ಎಂದರು. ಧ್ವನಿ ತಮ್ಮದೇ ಅನಿಸಲಿಲ್ಲ.

"ಶಿಪ್ಪಿಂಗ್," ಎಂದ ಜಯಂತ್. "ಉಗಾಂಡಾಗೆ ಹೋಗೋ ಸಾಮಾನೆಲ್ಲಾ, ಆ ಕತ್ತಲೆ ಕನ್ನಡಕದ ಪೆಟ್ಟಿಗೆಗಳೂ ಸೇರಿ, ಅವಳೇ ಪ್ಯಾಕ್ ಮಾಡಿಸೋದು." ಅವನು ತಿರುಗಿದ. ಮುಖ ಒದ್ದೆಯಾಗಿತ್ತು. "ವಾರದಿಂದ ಒಂದೇ ಮನೇಲಿದೀವಿ. ನಾನ್ ಕೇಳಿಲ್ಲ. ಅವಳು ಹೇಳಿಲ್ಲ. ಅವಳು ಅಪ್ಪನ ಫೋಟೋಗೆ ದಿನಾ ಹೂವು ಹಾಕ್ತಾಳೆ ಆಂಟಿ. ನಾನ್ ಏನ್ ಕೇಳ್ಲಿ?"

ವಸಂತಲಕ್ಷ್ಮಿಯವರು ಮಧುರಾಳಿಗೆ ಫೋನ್ ಮಾಡಿದರು. ಆಫ್ ಆಗಿತ್ತು.

ಅಕೆಲ್ಲೋಳಿಗೆ ಮಾಡಿದರು. ರಿಂಗಾಯಿತು. ಆಗುತ್ತಲೇ ಇತ್ತು. ಅವಳ ಕೈ ಬಿಡಬೇಡ ಎಂದು ಬೆಳಗ್ಗೆ ತಾವೇ ಹೇಳಿ ಕಳಿಸಿದ್ದರು. ತಾವೇ.

"ಮೇಡಂ," ಎಂದಳು ಅಕೆಲ್ಲೋ.

"ನೀನು ಕೊಂದಿಲ್ಲ. ಕೇಳಿಸಿತೇ? ನೀನು ಗುಂಡು ಹಾರಿಸಲೇ ಇಲ್ಲ. ವಿಡಿಯೋ ಸಿಕ್ಕಿದೆ. ಈಗ ಎಲ್ಲಿದ್ದೀಯ?"

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

"ಹೊಡೆಯಲಿಲ್ಲ," ಎಂದಳು ಕೊನೆಗೆ, ತನಗೇ ಹೇಳಿಕೊಳ್ಳುವಂತೆ. "ಹೊಡೆಯಲಿಲ್ಲ, ಅಲ್ಲವೇ."

"ಎಲ್ಲಿದ್ದೀಯ ಹೇಳು."

"ಕಂಪನಿಯಲ್ಲೇ. ಶನಿವಾರ, ಯಾರೂ ಇಲ್ಲ. ಹೋಗುವ ಮೊದಲು ಒಂದು ಸಲ ಆ ಮನೆಯಲ್ಲಿ ನಿಂತು ನೆನಪು ಮಾಡಿಕೊಂಡರೆ ನಿಮಗೆ ಸಹಾಯವಾಗುತ್ತದೆ ಎಂದಳು ಮಧುರಾ. ನಾನು ಅಂದು ನಿಂತಿದ್ದ ಜಾಗದಲ್ಲೇ ನಿಂತಿದ್ದೇನೆ."

"ಅವಳೆಲ್ಲಿ?"

"ಕಾಣಿಸುತ್ತಿಲ್ಲ. ಶೂ ಮಾತ್ರ ಏಣಿಯ ಹತ್ತಿರ ಇದೆ, ಮೇಡಂ. ಅವರಪ್ಪನ ಹಾಗೆಯೇ ಇಟ್ಟಿದ್ದಾಳೆ."

ಓಡು ಎನ್ನಲು ವಸಂತಲಕ್ಷ್ಮಿಯವರು ಬಾಯಿ ತೆರೆದರು.

ಫೋನಿನ ಆ ಕಡೆ ಸ್ಪೀಕರುಗಳು ಚಾಲೂ ಆದವು. ಮೊದಲು ಮಗುವಿನ ಅಳು ಕೇಳಿಸಿತು. ಅದರ ಹಿಂದೆಯೇ ಗುಂಡಿನ ಸದ್ದು, ಒಂದರ ಮೇಲೊಂದು, ಯಾವುದು ಸುಳ್ಳು ಯಾವುದು ನಿಜ ಎಂದು ತಿಳಿಯದ ಹಾಗೆ.